ಬಿಲ್ಲಿಗೊಂದು ಕಾಯಿ

ಮೊನ್ನೆ ನಮ್ಮೂರಿನ ಆಂಜನೇಯನ ಗುಡಿಯ ಮುಂದೆ ಅವರ ಪಟ ಇಟ್ಟು, ಹಾರ ಹಾಕಿ, ಊದುಬತ್ತಿ ಹಚ್ಚಿದ್ದರು. ಸಭೆ ಮಾಡುವವರು ಹಿಂದಿನ ದಿನವೇ ಮನೆಗೆ ಬಂದು, "ಅಮ್ಮಾ, ಎಮ್ಮೆಲ್ಲೆ ಸಾಹೇಬ್ರು ಬಂದಾಗೆಲ್ಲ ನಿಮ್ಮನೇಲೇ ಅಲ್ವಾ ತಿಂಡಿ ತಿಂತಿದ್ದದ್ದು? ನೀವೂ ಎಲ್ಡು ಮಾತಾಡ್ಬೇಕು" ಎಂದಿದ್ದರು. ನಾನು ಹ್ಞೂಂ ಎನ್ನಲಿಲ್ಲ, ಊಹ್ಞೂಂ ಎನ್ನಲೂ ಇಲ್ಲ. ಗುಡಿಯ ಮುಂದೆ ನಿಂತು ಸುಳ್ಳು ಹೇಳಲಾರೆ. ಸತ್ತವರ ಪಟದ ಮುಂದೆ ನಿಜ ಹೇಳಲೂ ಆಗುವುದಿಲ್ಲ. ಹೋಗಿ ಹಿಂದೆ ಹೆಂಗಸರ ಸಾಲಿನಲ್ಲಿ ಕುಳಿತು ಎದ್ದು ಬಂದೆ. ಅಲ್ಲಿ ಆಡದ ಆ ಎರಡು ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎಂದು ನಮ್ಮತ್ತೆ ಹೇಳುತ್ತಿದ್ದರು. ಅದಕ್ಕೇ ಬೆಳಿಗ್ಗೆ ದೀಪ ಹಚ್ಚುವಾಗ ಆಂಜನೇಯನಿಗೆ ಹೇಳಿಕೊಂಡಿದ್ದೇನೆ: ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನಪ್ಪ, ಹೆಚ್ಚು ಬರೆದರೆ ನೀನೇ ನನ್ನ ಕೈ ಹಿಡಿದು ನಿಲ್ಲಿಸು. ಅವರ ಹೆಸರನ್ನು ಮಾತ್ರ ಬರೆಯುವುದಿಲ್ಲ. ಅಷ್ಟು ವರ್ಷ ನಮ್ಮ ಮನೆಯಲ್ಲಿ ತಿಂದರೂ ಅವರು ನನ್ನ ಹೆಸರೇನೆಂದು ಕೇಳಲಿಲ್ಲ. ನಾನೂ ಅವರ ಹೆಸರು ಹೇಳುವುದಿಲ್ಲ. ಅಲ್ಲಿಗೆ ಸರಿಹೋಯಿತು.

ನಮ್ಮದು ಹಿರಿಯೂರು ತಾಲ್ಲೂಕು, ಧರ್ಮಪುರದಿಂದ ಒಳಗೆ ಹೋಗಬೇಕು. ಶೇಂಗಾ ಬೆಳೆಯುವ ಊರು. ಬೇರೆ ಕಡೆಯ ಎಮ್ಮೆಲ್ಲೆಗಳು ಗೆದ್ದು ಹೋದವರು ಮತ್ತೆ ಮುಖ ತೋರಿಸುವುದಿಲ್ಲ ಎಂದು ಜನ ಬೈಯುತ್ತಿದ್ದ ಕಾಲ ಅದು. ನಮ್ಮವರು ತೋರಿಸುತ್ತಿದ್ದರು. ಬೆಂಗಳೂರಿನಲ್ಲಿ ಅಸೆಂಬ್ಲಿ ಮುಗಿದು ಸ್ವಲ್ಪ ದಿನವಾಗುವಷ್ಟರಲ್ಲಿ ಅವರ ಜೀಪು ಧೂಳೆಬ್ಬಿಸಿಕೊಂಡು ಬಂದು ಗುಡಿಯ ಮುಂದೆ ನಿಲ್ಲುತ್ತಿತ್ತು. ಅಲ್ಲಿ ಯಾವ ಯಾವ ಬಿಲ್ಲು ಪಾಸಾಯಿತು ಎಂದು ಊರಿಗೆ ಹೇಳುವುದಕ್ಕೆ ಬರುತ್ತಿದ್ದರು. ಜೀಪಿನ ಹಿಂದುಗಡೆ ಒಂದು ಗೋಣಿಚೀಲದ ತುಂಬ ತೆಂಗಿನಕಾಯಿ ಇರುತ್ತಿತ್ತು. ಹೊಸದುರ್ಗದ ಕಡೆ ಅವರದೊಂದು ತೋಟವಿತ್ತು.

ಕಾಯಿ ಏಕೆಂದರೆ, ಬಿಲ್ಲಿಗೊಂದು ಕಾಯಿ ಒಡೆಸುವುದು ಅವರು ತಂದ ಪದ್ಧತಿ. ಗುಡಿಯ ಕಟ್ಟೆ ಮೇಲೆ ನಿಂತು ಕನ್ನಡಕ ಹಾಕಿಕೊಂಡು ಕಾಗದ ನೋಡಿ ಒಂದು ಬಿಲ್ಲಿನ ಹೆಸರು ಓದುವರು. ಕನ್ನಡಕ ತೆಗೆಯುವರು. "ನೀವು ಕೇಳಿದ್ರಿ, ನಾವು ಮಾಡಿದ್ವಿ" ಎನ್ನುವರು. ಪೂಜಾರಪ್ಪ ಒಂದು ಕಾಯಿ ಒಡೆಯುವನು. ಜನ ಚಪ್ಪಾಳೆ ತಟ್ಟುವರು. ಮತ್ತೆ ಕನ್ನಡಕ ಹಾಕಿಕೊಂಡು ಇನ್ನೊಂದು. ಬಿಲ್ಲಿನ ಒಳಗೆ ಏನಿದೆ ಎಂದು ಯಾರಾದರೂ ಕೇಳಿದರೆ, "ಒಳಗೆಲ್ಲಾ ನಿಮ್ಮ ಒಳ್ಳೇದೇ ಐತೆ" ಎಂದು ಹೆಗಲ ಮೇಲೆ ಕೈ ಇಡುತ್ತಿದ್ದರು. ಅದರಿಂದಾಚೆಗೆ ಕೇಳಿದವರನ್ನು ನಾನು ನೋಡಲಿಲ್ಲ.

ಅವರದೊಂದು ಮಾತು ನಮ್ಮೂರಿನಲ್ಲಿ ಗಾದೆಯ ಹಾಗೆ ಓಡಾಡಿತು. "ಅಲ್ಲಿ ಮೇಜು ಕುಟ್ಟಿ ಪಾಸ್ ಮಾಡ್ತೀವಿ. ಇಲ್ಲಿ ಕಾಯಿ ಒಡ್ದು ಪಾಸ್ ಮಾಡ್ತೀವಿ. ಎಲ್ಡೂ ಆದ್ಮೇಲೆ ಬ್ರಹ್ಮ ಬಂದ್ರೂ ತಿದ್ದಂಗಿಲ್ಲ!"

ಜನ ಇದನ್ನು ನಕ್ಕು ಬಿಟ್ಟಿದ್ದರೆ ನಾನಿವತ್ತು ಬರೆಯಬೇಕಾಗಿರಲಿಲ್ಲ. ನಂಬಿದರು. ನಮ್ಮಲ್ಲಿ ಹೆಣ್ಣು ಒಪ್ಪಿದರೂ ಕಾಯಿ ಒಡೆದೇ ಮಾತು ಗಟ್ಟಿ ಮಾಡುವುದು, ಹೊಲದ ಬದುವಿನ ಜಗಳ ಹರಿದರೂ ಕಾಯಿ ಒಡೆದೇ ಎದ್ದು ಬರುವುದು. ಕಾಯಿ ಒಡೆದ ಮಾತನ್ನು ಮತ್ತೆ ಕೆದಕಿದರೆ ದೇವರನ್ನು ಅನುಮಾನಿಸಿದ ಹಾಗೆ. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಎಂಥೆಂಥದಕ್ಕೋ ಕಾಯಿ ಒಡೆಸಿದರು. ಮೈಸೂರು ರಾಜ್ಯ ಹೋಗಿ ಕರ್ನಾಟಕ ಎಂದಾದಾಗ ಒಂದು. ಆಗ ನಮ್ಮ ಪಕ್ಕದ ಮನೆಯ ತಿಪ್ಪಕ್ಕ ಸೆರಗು ಸರಿಮಾಡಿಕೊಂಡು, "ಹೆಸ್ರು ಬದ್ಲಾದ್ರೆ ಮಳೆ ಬರ್ತೈತೇನ್ರೀ ಸಾಹೇಬ್ರೆ?" ಎಂದು ಕೇಳಿದಳು. ಅವರು, "ತಿಪ್ಪಕ್ಕ, ಮಳೆ ಖಾತೆ ನಂತಾವ ಇಲ್ಲ, ಅದು ಸೆಂಟ್ರಲ್ ಗೌರ್ಮೆಂಟಿಂದು" ಎಂದರು. ಊರೆಲ್ಲ ನಕ್ಕಿತು. ನಾನೂ ನಕ್ಕೆ. ನಗಿಸುವುದು ಅವರಿಗೆ ಬರುತ್ತಿತ್ತು, ಅದನ್ನು ಇಲ್ಲವೆನ್ನಲಾರೆ. ಇನ್ನೊಂದು ಸಲ ಮೋಟಾರು ತೆರಿಗೆ ಎಂದು ಏನೋ ಓದಿ ಕಾಯಿ ಒಡೆಸಿದರು, ಚಪ್ಪಾಳೆ ಜೋರಾಗಿಯೇ ಬಿತ್ತು. ಸ್ವಲ್ಪ ದಿನಕ್ಕೆ ಹಿರಿಯೂರಿಗೆ ಬಸ್ಸಿನ ಟಿಕೆಟ್ಟು ಜಾಸ್ತಿಯಾದಾಗ ಗೊತ್ತಾಯಿತು, ನಾವು ಕಾಯಿ ಒಡೆದದ್ದು ಯಾತಕ್ಕೆ ಎಂದು. ಒಡೆದ ಕಾಯಿಯನ್ನು ಚೂರು ಮಾಡಿ ಜನಕ್ಕೆ ಹಂಚುತ್ತಿದ್ದರು. ಒಡೆಯದೆ ಉಳಿದ ಇಡೀ ಕಾಯಿಗಳು ಎಣಿಸಿಕೊಂಡು ಜೀಪಿಗೆ ವಾಪಸ್ಸು.

ನಮ್ಮ ಮನೆ ಗುಡಿಗೆ ಅಂಟಿಕೊಂಡೇ ಇದ್ದುದರಿಂದ ಅವರ ತಿಂಡಿ ನಮ್ಮಲ್ಲೇ. ಮಂಡಕ್ಕಿ ಒಗ್ಗರಣೆ, ಬಿಸಿ ಮೆಣಸಿನಕಾಯಿ ಬಜ್ಜಿ, ಮೇಲೆ ಚಹಾ. ಚೆನ್ನಾಗಿ ತಿನ್ನುತ್ತಿದ್ದರು. ತಿಂದು ತೇಗಿ, ನಮ್ಮ ಯಜಮಾನರ ಕಡೆ ತಿರುಗಿ, "ಏನಪ್ಪ ರುದ್ರಪ್ಪ, ನಿನ್ನ ಕೈರುಚಿ ನಮ್ಮ ಅಡುಗೆಭಟ್ರಿಗೂ ಇಲ್ಲ ನೋಡು" ಎನ್ನುತ್ತಿದ್ದರು. ನಮ್ಮ ಯಜಮಾನರು ಒಲೆಯ ಬೂದಿ ಯಾವ ಕಡೆಯಿದೆ ಎಂದೂ ಅರಿಯದವರು. ಅದಿರಲಿ, ಅವರ ಹೆಸರು ರುದ್ರಪ್ಪನೂ ಅಲ್ಲ. ನಿಜವಾದ ಹೆಸರನ್ನು ನಾನು ಹೇಳಬಾರದು, ಗಂಡನ ಹೆಸರು ಬಾಯಿಬಿಟ್ಟು ಹೇಳುವ ರೂಢಿ ನಮ್ಮಲ್ಲಿಲ್ಲ. ಮೊದಲ ಸಲ ಬಂದಾಗಲೇ ಯಾರನ್ನೋ ನೋಡಿ ಯಾರೋ ಎಂದುಕೊಂಡು ರುದ್ರಪ್ಪ ಎಂದು ಕರೆದಿದ್ದರು. ಇವರು ಸಂಕೋಚಕ್ಕೆ ತಿದ್ದಲಿಲ್ಲ. ಆಮೇಲೆ ಅದೇ ನಿಂತಿತು. ನಾನು ಬೈದರೆ, "ಹೋಗ್ಲಿ ಬಿಡೇ, ಅದೂ ದೇವ್ರ ಹೆಸ್ರೇ" ಎನ್ನುತ್ತಿದ್ದರು. ಕೊನೆಕೊನೆಗೆ ಊರಿನಲ್ಲಿ ಯಾರಾದರೂ ಬೇಕೆಂದೇ "ರುದ್ರಪ್ಪೋ" ಎಂದು ಕೂಗಿದರೆ ಇವರು ತಿರುಗಿ ನೋಡುವಂತಾಗಿತ್ತು.

ತಿಂಡಿ ಮುಗಿಸಿ ಹಿತ್ತಲ ಕಲ್ಲಿನ ಮೇಲೆ ನಿಂತು ಅವರು ಎರಡೂ ಕೈ ಚಾಚುವರು. ಚೊಂಬಿನಿಂದ ನೀರು ಬೀಳಬೇಕು. ಸುರಿಯುತ್ತಿದ್ದವಳು ನಾನು. ಸುರಿಯುವ ಕೈ ಯಾರದೆಂದು ಅವರು ಒಂದು ದಿನವೂ ತಲೆಯೆತ್ತಿ ನೋಡಿದವರಲ್ಲ. ಮಾತೆಲ್ಲ ಬಾಗಿಲಲ್ಲಿ ನಿಂತ ಗಂಡಸರ ಜೊತೆ. ನೀರು ಸಾಕೆಂದರೆ ಬೆರಳು ಕೊಡವುವರು, ಅಷ್ಟೇ.

ಊರಿನಲ್ಲಿ ಅವರು ಸರಿಯಾಗಿ ಹೆಸರು ಹಿಡಿದು ಕರೆಯುತ್ತಿದ್ದದ್ದು ತಿಪ್ಪಕ್ಕನನ್ನು. ಅದಕ್ಕೆ ಕಾರಣವಿತ್ತು. ಅವರು ಗೆದ್ದ ಹೊಸತರಲ್ಲಿ ಒಮ್ಮೆ ಬಂದಿದ್ದಾಗಲೇ ತಿಪ್ಪಕ್ಕನ ಗಂಡನಿಗೆ ಹೊಲದಲ್ಲಿ ಹಾವು ಕಚ್ಚಿತು. ಅವರು ಭಾಷಣವನ್ನು ಅರ್ಧಕ್ಕೆ ಬಿಟ್ಟು, ತಾವೇ ತೋಳಿಗೆ ತೋಳು ಕೊಟ್ಟು ಎತ್ತಿ ಜೀಪಿಗೆ ಹಾಕಿಕೊಂಡು ಹಿರಿಯೂರು ಆಸ್ಪತ್ರೆಗೆ ಹೊಡೆಸಿದರು. ಜೀವ ಉಳಿಯಲಿಲ್ಲ. ಹೆಣವನ್ನೂ ಅದೇ ಜೀಪಿನಲ್ಲಿ ತಂದರು. ಅವರ ಬಿಳಿ ಜುಬ್ಬದ ಮೇಲೆ ಆ ಮನುಷ್ಯನ ಬಾಯಿನೊರೆ ಒಣಗಿತ್ತು. ಕಣ್ಣಲ್ಲಿ ನೀರೂ ಇತ್ತು. ಆ ದಿನ ಅವರು ಒಳ್ಳೆಯವರಾಗಿದ್ದರು. ನಾನು ಕಣ್ಣಾರೆ ಕಂಡದ್ದನ್ನು ಮುಚ್ಚಿಡುವುದಿಲ್ಲ. ಆದರೆ ಆ ಒಂದು ದಿನವನ್ನು ಅವರು ಆಮೇಲೆ ಎಷ್ಟು ವರ್ಷ ಕೂತು ಉಂಡರು ಎಂಬುದನ್ನೂ ಕಂಡಿದ್ದೇನೆ. ಎಲ್ಲಿ ಮಾತಾಡಿದರೂ, "ಕೇಳ್ರಿ ಬೇಕಾದ್ರೆ ನಮ್ಮ ತಿಪ್ಪಕ್ಕನ್ನ!" ತಿಪ್ಪಕ್ಕ ಸೆರಗಿನ ಚುಂಗಿನಿಂದ ಕಣ್ಣೊರೆಸಿಕೊಂಡು ತಲೆಯಾಡಿಸುವಳು.

ಈಗ ಹೊಲದ ಮಾತು. ಗುಡ್ಡದ ಕೆಳಗೆ ನಮ್ಮ ಹೊಲ, ಅದಕ್ಕೆ ತಗುಲಿದಂತೆ ತಿಪ್ಪಕ್ಕನ ಹೊಲ, ನಡುವೆ ಒಂದೇ ಬದು. ನಮ್ಮದು ಎಂದೆ, ಆದರೆ ಎರಡೂ ದುರ್ಗದಲ್ಲಿದ್ದ ಸಾಹುಕಾರರದ್ದು. ಉಳುವವರು ನಾವು, ಬೆಳೆದದ್ದರಲ್ಲಿ ಪಾಲು ಗೇಣಿಯೆಂದು ಅವರಿಗೆ. ನಮ್ಮ ಮಾವನವರ ಕಾಲದಿಂದ ಹೀಗೇ. ಸಾಹುಕಾರರು ಕೆಟ್ಟವರಲ್ಲ. ಆದರೆ ಹೊಲ ಬಿಡಿ ಎಂದರೆ ಆ ದಿನವೇ ಬಿಡಬೇಕು. ಈ ಹೆದರಿಕೆಯಲ್ಲೇ ನಮ್ಮತ್ತೆ ಪ್ರಾಣ ಬಿಟ್ಟರು. ತಿಪ್ಪಕ್ಕನಿಗಂತೂ ಗಂಡ ಹೋದ ಮೇಲೆ ಆ ಹೊಲ ಬಿಟ್ಟರೆ ಇನ್ನೇನೂ ಇರಲಿಲ್ಲ, ಮಕ್ಕಳಿರಲಿಲ್ಲ. ಒಂದು ಜೊತೆ ಎತ್ತು, ಬಾಯಿ ತುಂಬ ಮಾತು, ಇಷ್ಟೇ ಅವಳ ಆಸ್ತಿ.

ಹೀಗಿರುವಾಗ ಒಂದು ಸಲ ಜೀಪು ಬಂತು. ಅವರು ಕನ್ನಡಕ ಹಾಕಿಕೊಳ್ಳಲೇ ಇಲ್ಲ. ಚೀಲದಿಂದ ಎಲ್ಲಕ್ಕಿಂತ ದೊಡ್ಡ ಕಾಯಿಯನ್ನು ತಾವೇ ಆರಿಸಿ ತೆಗೆದು ಎತ್ತಿ ಹಿಡಿದರು. ಉಳುವವನೇ ಒಡೆಯ ಎಂದು ಕಾನೂನಾಯಿತು, ಗೇಣಿ ಎನ್ನುವುದು ಇನ್ನಿಲ್ಲ ಎಂದರು. ಜನಕ್ಕೆ ಒಂದು ಗಳಿಗೆ ಚಪ್ಪಾಳೆ ತಟ್ಟುವುದೂ ಮರೆತುಹೋಯಿತು, ಆಮೇಲೆ ತಟ್ಟಿದ್ದು ನಿಲ್ಲಲೇ ಇಲ್ಲ. ಪೂಜಾರಪ್ಪನ ಕೈಗೆ ಕೊಡದೆ, "ರುದ್ರಪ್ಪ, ಬಾರಪ್ಪ ಇಲ್ಲಿ. ನೀನೇ ಒಡಿ" ಎಂದು ನಮ್ಮ ಯಜಮಾನರನ್ನು ಕರೆದರು. ಇವರು ಹೋಗಿ ಕಾಯಿ ಎತ್ತಿ ಕಲ್ಲಿಗೆ ಹೊಡೆದರು. ಒಂದೇ ಏಟಿಗೆ ಕಾಯಿ ಎರಡು ಹೋಳಾಯಿತು, ಒಳಗೆ ಹೂವಿತ್ತು. ಕಾಯಿಯಲ್ಲಿ ಹೂ ಬಂದರೆ ಕೇಳಬೇಕೇ! "ದೇವ್ರೇ ಕೊಟ್ಟ, ದೇವ್ರೇ ಕೊಟ್ಟ" ಎಂದು ಹೆಂಗಸರು ಕೆನ್ನೆ ಬಡಿದುಕೊಂಡರು. ನನ್ನ ಕಣ್ಣೂ ತುಂಬಿತು. "ರುದ್ರಪ್ಪ, ಇವತ್ತಿಂದ ನೀನೇ ಒಡೆಯ" ಎಂದರು ಅವರು. ಕಣ್ಣೊರೆಸಿಕೊಳ್ಳುತ್ತಲೇ ನನಗನ್ನಿಸಿತು, ಹೊಲ ಸಿಕ್ಕಿದ್ದು ರುದ್ರಪ್ಪನಿಗೆ, ನನ್ನ ಗಂಡನಿಗೆ ಸಿಕ್ಕಿತೋ ಇಲ್ಲವೋ.

ಆ ಅನುಮಾನವೇ ಬಾಯಿಗೆ ಬಂತು. ಗುಡಿಯ ಕಂಬದ ಹಿಂದೆ ನಿಂತಿದ್ದವಳು ಕೇಳಿದೆ: "ಸಾವ್ಕಾರ್ರು ಒಪ್ದಿದ್ರೆ ಏನ್ಮಾಡ್ಬೇಕ್ರಿ? ನಾವು ಎಲ್ಲಾದ್ರೂ ಹೋಗಿ ಹೇಳ್ಬೇಕಾ, ಬರ್ದುಕೊಡ್ಬೇಕಾ?"

ಅವರು ಕಂಬದ ಕಡೆ ನೋಡದೆ ಜನರ ಕಡೆಗೇ ನೋಡಿ ನಕ್ಕರು. "ಯಾರೋ ತಾಯಿ ಕೇಳ್ತೈತೆ, ಏನ್ಮಾಡ್ಬೇಕು ಅಂತ. ಏನೂ ಮಾಡ್ಬ್ಯಾಡವ್ವ. ಮಾಡಾದೆಲ್ಲ ನಾವು ಮಾಡೀವಿ. ನೀನು ಹೋಗಿ ಒಲೆ ಮ್ಯಾಲಿನ ಎಣ್ಣೆ ನೋಡ್ಕ, ಬಜ್ಜಿ ಸೀದೀತು!"

ಗುಡಿಯ ಮುಂದೆ ನಗೆ ಎಲ್ಲಿಂದ ಎಲ್ಲಿಗೋ ಹರಿಯಿತು. ನಮ್ಮ ಯಜಮಾನರೂ ಹೋಳು ಕಾಯಿ ಹಿಡಿದುಕೊಂಡು ನಕ್ಕರು. ನಾನು ಒಳಗೆ ಹೋದೆ. ಬಜ್ಜಿ ಸೀದಿರಲಿಲ್ಲ. ಅದನ್ನೂ ದೇವರ ಉಪಕಾರ ಎಂದುಕೊಂಡು ಬಡಿಸಿದೆ.

ಮುಂದೆ ಊರು ನಿಶ್ಚಿಂತೆಯಾಗಿ ಮಲಗಿತು. ಗೇಣಿ ಕೊಡುವುದನ್ನು ನಿಲ್ಲಿಸಿದರು. ನಮ್ಮ ಯಜಮಾನರು ಬದುವಿನ ಮೇಲೆ ಎರಡು ಹುಣಸೆ ಸಸಿ ನೆಟ್ಟರು. ಬೇರೆಯವರ ಹೊಲದಲ್ಲಿ ಯಾರೂ ಮರ ನೆಡುವುದಿಲ್ಲ, ಅವರಿಗೆ ಅಷ್ಟು ಧೈರ್ಯ ಬಂದಿತ್ತು. ಸಾಹುಕಾರರು ದುರ್ಗದಿಂದ ಒಂದು ಮಾತೂ ಆಡಲಿಲ್ಲ. ಆಡದೇ ಇದ್ದದ್ದೇ ನನಗೆ ಹೆದರಿಕೆ.

ಆಮೇಲೆ ನಮ್ಮ ಅಕ್ಕನ ಮೊಮ್ಮಗುವಿನ ನಾಮಕರಣಕ್ಕೆ ಭರಮಸಾಗರಕ್ಕೆ ಹೋದೆ. ಹೋಳಿಗೆ ಲಟ್ಟಿಸುತ್ತಾ ಹೆಂಗಸರ ಮಾತು ಹೊಲದ ಕಡೆ ಹರಿಯಿತು. ಅಲ್ಲಿ ಗೇಣಿದಾರರೆಲ್ಲ ತಾಲ್ಲೂಕು ಕಚೇರಿಗೆ ಅರ್ಜಿ ಹಾಕಿ ಆಗಿತ್ತು. ಊರಿನಲ್ಲಿ ಡಂಗುರ ಹೊಡೆಸಿದ್ದರಂತೆ. ಅರ್ಜಿ ಹಾಕಿದವರನ್ನು ಕರೆದು ವಿಚಾರಿಸಿ ಹೊಲ ಅವರ ಹೆಸರಿಗೆ ಮಾಡುತ್ತಾರಂತೆ. ಹಾಕದವರಿಗೆ ಇಲ್ಲ. ಅದಕ್ಕೊಂದು ಗಡುವೂ ಇದೆಯಂತೆ.

"ನಿಮ್ಮೂರಾಗೆ ಹಾಕಿಲ್ಲೇನೇ?" ಎಂದಳು ಅಕ್ಕ.

"ನಮ್ಮೂರಾಗೆ ಕಾಯಿ ಒಡ್ದೀವಿ" ಎಂದೆ.

ಆ ಮಾತು ನನ್ನ ಬಾಯಿಂದ ಬಿದ್ದಾಗ ಅಲ್ಲಿದ್ದವರೆಲ್ಲ ಲಟ್ಟಣಿಗೆ ನಿಲ್ಲಿಸಿ ನನ್ನನ್ನು ನೋಡಿದರು. ಆ ನೋಟ ಇವತ್ತಿಗೂ ನನ್ನ ಬೆನ್ನಿಗೆ ಅಂಟಿಕೊಂಡಿದೆ. ಹೋಳಿಗೆ ಊಟಕ್ಕೆ ನಿಲ್ಲದೆ ಬಸ್ಸು ಹತ್ತಿದೆ.

ಗಡುವು ಗೊತ್ತಿರದೆ ಎಮ್ಮೆಲ್ಲೆ ಸಾಹೇಬರು ಹೇಳಲಿಲ್ಲ ಎನ್ನಲಾಗುವುದಿಲ್ಲ. ಆ ಗಡುವನ್ನು ಮುಂದಕ್ಕೆ ಹಾಕುತ್ತಾ ಬಂದದ್ದು ಅವರು ಕೂತಿದ್ದ ಅಸೆಂಬ್ಲಿಯೇ. ಮುಂದಕ್ಕೆ ಹಾಕಿದಾಗಲೆಲ್ಲ ಅವರು ನಮ್ಮೂರಿಗೂ ಬಂದಿದ್ದಾರೆ, ಬೇರೆ ಬಿಲ್ಲಿಗೆ ಕಾಯಿ ಒಡೆಸಿದ್ದಾರೆ, ಬಜ್ಜಿ ತಿಂದಿದ್ದಾರೆ. ಅರ್ಜಿ ಎಂಬ ಮಾತು ಮಾತ್ರ ಒಂದು ಸಲವೂ ಬರಲಿಲ್ಲ. ಸಾಹುಕಾರರ ಜೊತೆ ಒಳಗೊಳಗೇ ಕೈ ಜೋಡಿಸಿದ್ದರು ಎಂದು ಕೆಲವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅಷ್ಟು ಹುನ್ನಾರದ ಮನುಷ್ಯರಲ್ಲ ಅವರು. ಹೋಗಿ ಅರ್ಜಿ ಹಾಕಿ ಎಂದರೆ, ಕಾಯಿ ಒಡೆದ ದಿನ ಕೆಲಸ ಮುಗಿದಿರಲಿಲ್ಲ ಎಂದು ಒಪ್ಪಿಕೊಂಡಂತಾಗುತ್ತಿತ್ತು. ಆ ದಿನದ ಚಪ್ಪಾಳೆಯಲ್ಲಿ ಸ್ವಲ್ಪ ವಾಪಸ್ಸು ಕೊಡಬೇಕಾಗುತ್ತಿತ್ತು. ಅದು ಅವರ ಕೈಲಾಗಲಿಲ್ಲ. ಹುನ್ನಾರ ಮಾಡಿದ್ದರೆ ನಾನು ಇಷ್ಟು ಸಿಟ್ಟಾಗುತ್ತಿರಲಿಲ್ಲವೇನೋ.

ಊರಿಗೆ ಬಂದು ಹೇಳಿದರೆ ನಮ್ಮ ಯಜಮಾನರೇ ಒಪ್ಪಲಿಲ್ಲ. "ಲೇ, ದೇವ್ರ ಮುಂದೆ ಒಡ್ದ ಕಾಯಿ. ಹೂ ಬೇರೆ ಬಂದೈತೆ. ಈಗ ಹೋಗಿ ಅರ್ಜಿ ಹಾಕಿದ್ರೆ, ಆಂಜನೇಯ ಕೊಟ್ಟಿದ್ದು ಸಾಲ್ಲಿಲ್ಲ, ತಾಸೀಲ್ದಾರ ಕೊಡ್ಲಿ ಅಂದಂಗೆ ಆಗ್ತೈತೆ. ದೇವ್ರು ಮುನುದ್ರೆ ಇರೋದೂ ಹೋಗ್ತೈತೆ" ಎಂದರು. ಊರಿನ ಹಿರಿಯರೂ ಅದನ್ನೇ ಹೇಳಿದರು. ನಾನೇನು ದೇವರಿಲ್ಲ ಎನ್ನುವವಳೇ? ಶನಿವಾರ ಒಪ್ಪತ್ತು ಮಾಡುವವಳು. ಅವರ ಮಾತು ನನ್ನ ಎದೆಗೂ ಚುಚ್ಚಿತು. ಎರಡು ದಿನ ಒಲೆಯ ಮುಂದೆ ಕೂತು ಯೋಚಿಸಿದೆ. ದೇವರ ಮಾತೆಂದು ಇವರು ಹೇಳುವುದಾದರೆ ದೇವರನ್ನೇ ಕೇಳಿದರಾಯಿತು ಎಂದು ಹೊಳೆಯಿತು.

ನಮ್ಮ ಗುಡಿಯಲ್ಲಿ ಹೂ ಕೇಳುವ ಪದ್ಧತಿಯಿದೆ. ಸ್ವಾಮಿಯ ಎರಡೂ ಭುಜಕ್ಕೆ ಒದ್ದೆ ಹೂ ಏರಿಸಿ ಮನಸ್ಸಿನಲ್ಲಿರುವುದನ್ನು ಕೇಳಿಕೊಂಡು ಕಾಯಬೇಕು. ಬಲಗಡೆಯದು ಬಿದ್ದರೆ ಆಗಲಿ ಎಂದು, ಎಡಗಡೆಯದಾದರೆ ಬೇಡವೆಂದು. ಪೂಜಾರಪ್ಪ ಮೊದಲು ಕೊಂಕು ತೆಗೆದ. "ಕಾಯಿ ಒಡ್ದ ಮ್ಯಾಲೆ ಅದೇ ವಿಷ್ಯಕ್ಕೆ ಹೂ ಕೇಳೋ ಪದ್ಧತಿ ಇಲ್ಲಮ್ಮ."

"ಬಿಲ್ಲಿಗೆ ಕಾಯಿ ಒಡ್ಯೋ ಪದ್ಧತಿ ಇತ್ತೇನಪ್ಪ?" ಎಂದೆ.

ಅವನು ಹೋಗಿ ಹೂ ಏರಿಸಿದ. ಗುಡಿ ತುಂಬ ಜನ. ಅರ್ಜಿ ಹಾಕಲಾ ಸ್ವಾಮಿ ಎಂದು ಗಟ್ಟಿಯಾಗಿಯೇ ಕೇಳಿದೆ. ಎಷ್ಟೋ ಹೊತ್ತು ಎರಡೂ ಹೂ ಅಲುಗಲಿಲ್ಲ. ಆಮೇಲೆ ಬಲಗಡೆಯ ದಾಸವಾಳ ಜಾರಿ ಸ್ವಾಮಿಯ ಪಾದಕ್ಕೆ ಬಿತ್ತು. ಪೂಜಾರಪ್ಪನೇ ಗಂಟೆ ಹೊಡೆದು ಕೂಗಿದ: "ಕಾಯಿ ಒಡ್ಸಿದ್ದು ಎಮ್ಮೆಲ್ಲೆ. ಹೂ ಕೊಟ್ಟಿದ್ದು ದೇವ್ರು. ನಡೀರಿ ಹಿರಿಯೂರಿಗೆ!"

ಮಾರನೆಯ ದಿನ ಬೆಳಗಿನ ಬಸ್ಸಿಗೆ ಎಲ್ಲ ಗೇಣಿದಾರರೂ ಹೊರಟರು. ತಿಪ್ಪಕ್ಕ ಮಾತ್ರ ಹೊರಡಲಿಲ್ಲ. ನಾನು ಅವಳ ಅಂಗಳಕ್ಕೇ ಹೋಗಿ ಕೈ ಹಿಡಿದು ಎಳೆದೆ. "ಎದ್ದೇಳು ತಿಪ್ಪಕ್ಕ, ಬಸ್ಸು ಬತ್ತೈತೆ, ಹೋಗಾಣ."

ಅವಳು ಎತ್ತಿನ ಕೊರಳು ತುರಿಸುತ್ತಾ ನಿಂತಿದ್ದಳು. "ನಾನ್ಯಾಕೆ ಬರ್ಲಿ ತಂಗಿ? ನೀವು ಯಾರು ಅಂತ ಸಾಹೇಬ್ರಿಗೆ ಗೊತ್ತಿಲ್ಲ, ನಿಮ್ಗೆ ಅರ್ಜಿ ಬೇಕು. ನನ್ ಹೆಸ್ರು ಅವ್ರ ಬಾಯಾಗೇ ಐತೆ. ಕಾಗ್ದದಾಗೆ ಯಾಕೆ?"

"ದೇವ್ರು ಹೂ ಕೊಟ್ಟೈತೆ ತಿಪ್ಪಕ್ಕ!"

"ನೀನು ಕೇಳ್ದೆ, ನಿಂಗೆ ಕೊಡ್ತು. ನನ್ನ ಗಂಡನ್ನ ತೊಡೆ ಮ್ಯಾಲೆ ಹಾಕ್ಕೊಂಡು ಹೋದೋರ್ನ ನಾನು ಅನುಮಾನ್ಸಿದ್ರೆ ನನ್ನ ಬಾಯಿಗೆ ಹುಳ ಬೀಳ್ತಾವೆ. ಹೋಗು, ನೀವೆಲ್ಲ ಹೋಗ್ಬನ್ನಿ."

ಬಸ್ಸು ಹಾರನ್ನು ಮಾಡುತ್ತಿತ್ತು. ಹೋದೆ.

ಹಿರಿಯೂರಿನ ಕಚೇರಿಯ ಮುಂದೆ ಜಾತ್ರೆಯಂತೆ ಜನ. ನಮ್ಮ ಸರದಿ ಬಂದಾಗ ಗುಮಾಸ್ತ ತಲೆಯೆತ್ತದೆ, "ಹೆಸರು?" ಎಂದ. ನಮ್ಮ ಯಜಮಾನರು ಗಾಬರಿಯಲ್ಲಿ ರೂಢಿಯಂತೆ, "ರುದ್ರ..." ಎಂದುಬಿಟ್ಟರು. ನಾನು ಹಿಂದಿನಿಂದ ಅವರ ಹೆಸರನ್ನು, ಅವರ ಅಪ್ಪನ ಹೆಸರನ್ನೂ ಸೇರಿಸಿ, ಕಚೇರಿಗೆಲ್ಲ ಕೇಳುವಂತೆ ಕೂಗಿ ಹೇಳಿದೆ. ಮದುವೆಯಲ್ಲಿ ಒಡಪು ಕಟ್ಟಿ ಹೇಳಿಸಿದ್ದರಲ್ಲ, ಅದು ಬಿಟ್ಟರೆ ಆ ಹೆಸರು ನನ್ನ ನಾಲಿಗೆಗೆ ಬಂದದ್ದು ಅದೇ ಸಲ. ನಮ್ಮೂರಿನ ಗಂಡಸರು ಮುಖ ತಿರುಗಿಸಿಕೊಂಡರು. ಗುಮಾಸ್ತ ಬರೆದುಕೊಂಡ. ಬಸ್ಸಿನಲ್ಲಿ ವಾಪಸ್ಸು ಬರುವಾಗ ನಮ್ಮ ಯಜಮಾನರು ಕಿಟಕಿಯ ಕಡೆ ನೋಡುತ್ತಾ ಮೆಲ್ಲಗೆ ಹೇಳಿದರು: "ನಿನ್ನ ಬಾಯಾಗೆ ಕೇಳಾಕೆ ಚೆನ್ನಾಗೈತೆ ಕಣೇ." ಆದರೂ ಇಲ್ಲಿ ಬರೆಯುವುದಿಲ್ಲ.

ನಮ್ಮ ಹೊಲ ನಮ್ಮದಾಯಿತು. ವಿಚಾರಣೆಗೆ ಓಡಾಡಿ ಚಪ್ಪಲಿ ಸವೆದವು, ಆದರೆ ಆಯಿತು. ತಿಪ್ಪಕ್ಕನಿಗೆ ಗಡುವು ಮುಗಿಯುವವರೆಗೂ ನಾನು ಹೇಳುತ್ತಲೇ ಇದ್ದೆ, ಅವಳು ಎತ್ತಿನ ಕೊರಳು ತುರಿಸುತ್ತಲೇ ಇದ್ದಳು. ಗಡುವು ಮುಗಿದು ಬಂದ ಮುಂಗಾರಿಗೆ ಸಾಹುಕಾರರ ಕಡೆಯವರು ಬಂದು ಅವಳ ಹೊಲಕ್ಕೆ ನೇಗಿಲು ಹೂಡಿದರು. ಯಾರೂ ಜಗಳ ಮಾಡಲಿಲ್ಲ, ಬೈಯಲಿಲ್ಲ. ತಿಪ್ಪಕ್ಕ ಬದುವಿನ ಮೇಲೆ ನಮ್ಮ ಹುಣಸೆ ಸಸಿಯ ಪಕ್ಕ ಕುಳಿತು ನೋಡುತ್ತಿದ್ದಳು. ಆ ವರ್ಷ ಅದೇ ಹೊಲದಲ್ಲಿ ಅವಳು ಕೂಲಿಗೆ ಶೇಂಗಾ ಕಿತ್ತಳು.

ಆಮೇಲೆ ಜೀಪು ಬಂದಾಗ ತಿಪ್ಪಕ್ಕ ಕಟ್ಟೆಯ ಹತ್ತಿರ ಹೋಗಿ ನಿಂತಳು. ನಾನೂ ಜೊತೆಗಿದ್ದೆ.

"ತಿಪ್ಪಕ್ಕ!" ಎಂದರು ಅವರು, ಬಾಯಿ ತುಂಬ. "ಬಾರಕ್ಕ. ಹೆಂಗಿದ್ದೀಯ?"

"ಹೊಲ ಹೋತ್ರೀ ಸಾಹೇಬ್ರೆ."

"ಹೋತಾ? ಅರ್ಜಿ ಹಾಕಿದ್ದೆ ತಾನೆ?"

"ಇಲ್ರೀ. ಏನೂ ಮಾಡ್ಬ್ಯಾಡ್ರಿ, ಎಲ್ಲಾ ನಾವು ಮಾಡೀವಿ ಅಂದಿದ್ರಿ."

ಅವರ ಮುಖದಲ್ಲಿ ಏನೋ ಒಂದು ಬಂದು ಹೋಯಿತು. ನಾಚಿಕೆ ಎಂದೇ ಬರೆಯುತ್ತಿದ್ದೆ, ಇನ್ನೂ ಸ್ವಲ್ಪ ಹೊತ್ತು ನಿಂತಿದ್ದರೆ. "ಅಕ್ಕಾ, ಅದು ಮಾತು. ಇದು ಕಾನೂನು" ಎಂದರು. ಆಮೇಲೆ ಜೀಪಿನವನ ಕಡೆ ತಿರುಗಿ, "ಲೇ, ಅಕ್ಕಂಗೆ ಒಂದು ಇಡೀ ಕಾಯಿ ಕೊಡೋ" ಎಂದರು.

ಒಡೆಯದ ಕಾಯಿ ಆ ಜೀಪಿನಿಂದ ಇಳಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ತಿಪ್ಪಕ್ಕ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಹಾಗೇ ಗುಡಿಯೊಳಗೆ ಹೋಗಿ ಅವರ ಹೆಸರಿನಲ್ಲೇ ಪೂಜೆ ಮಾಡಿಸಿ ಒಡೆಸಿದಳು.

ಅವತ್ತೂ ತಿಂಡಿ ನಮ್ಮಲ್ಲೇ. ಮನೆಗೆ ಬಂದವರಿಗೆ ಇಲ್ಲವೆನ್ನಬಾರದು, ಬಡಿಸಿದೆ. ತಿಂದು ಹಿತ್ತಲಿಗೆ ಬಂದು, ಬಾಗಿಲ ಕಡೆ ಮಾತಾಡುತ್ತಾ ಕೈ ಚಾಚಿದರು. ನಾನು ನೀರು ತುಂಬಿದ ಚೊಂಬನ್ನು ಕಲ್ಲಿನ ಮೇಲೆ ಇಟ್ಟು ಕೈ ಕಟ್ಟಿ ನಿಂತೆ. ಚಾಚಿದ ಕೈ ಚಾಚಿದಂತೆಯೇ ಇತ್ತು. ನೀರು ಬೀಳಲಿಲ್ಲ. ಅವರು ತಿರುಗಿದರು. ತಲೆಯೆತ್ತಿ ನನ್ನ ಮುಖ ನೋಡಿದರು.

"ಯಾರಮ್ಮ ನೀನು?"

"ರುದ್ರಪ್ಪನ ಹೆಂಡ್ತಿ" ಎಂದೆ.

"ಓ, ರುದ್ರಪ್ಪನ ಮನೆಯವ್ರಾ! ಒಳ್ಳೇ ಮನುಷ್ಯ. ಎಲ್ಲೈದಾನೆ?" ಎಂದರು. ನಮ್ಮ ಯಜಮಾನರು ಟವೆಲ್ಲು ಹಿಡಿದು ಅವರ ಪಕ್ಕದಲ್ಲೇ ನಿಂತಿದ್ದರು. ಕೊನೆಗೆ ಸಾಹೇಬರೇ ಬಗ್ಗಿ ಚೊಂಬು ಎತ್ತಿಕೊಂಡು ಎಡಗೈಯಿಂದ ಬಲಗೈಗೆ ನೀರು ಹಾಕಿಕೊಂಡರು. ಜುಬ್ಬದ ತೋಳು ನೆನೆಯಿತು. ನನ್ನಿಂದ ಅವರಿಗಾದ ತೊಂದರೆ ಅಷ್ಟೇ.

ಇಷ್ಟೆಲ್ಲ ಮೊನ್ನೆ ಸಭೆಯಲ್ಲಿ ಕೂತಾಗ ನೆನಪಾಯಿತು. ಯಾರೋ ಮೈಕಿನಲ್ಲಿ, "ಈ ಊರಿನ ಪ್ರತಿಯೊಬ್ಬ ಗೇಣಿದಾರನನ್ನೂ ಭೂಮಿಯ ಒಡೆಯನನ್ನಾಗಿ ಮಾಡಿದ ಪುಣ್ಯಾತ್ಮರು" ಎಂದರು. ಪಕ್ಕದಲ್ಲಿದ್ದ ತಿಪ್ಪಕ್ಕ ಚಪ್ಪಾಳೆ ತಟ್ಟಿದಳು. ಈಗ ಅವಳಿಗೆ ವಯಸ್ಸಾಗಿದೆ, ಬಾಯಲ್ಲಿ ಹಲ್ಲಿಲ್ಲ, ಅವರಿವರ ಹೊಲದಲ್ಲಿ ಹಕ್ಕಿ ಕಾಯುತ್ತಾಳೆ. ನನ್ನ ಕಿವಿಯ ಹತ್ತಿರ ಬಾಗಿ, "ಅಷ್ಟು ದೊಡ್ಡೋರಾದ್ರೂ ನನ್ನ ಹೆಸ್ರು ಒಂದಿನಾನೂ ಮರೀಲಿಲ್ಲ ನೋಡೇ" ಎಂದು ಅತ್ತಳು.

ರಾತ್ರಿ ದೇವರ ಮುಂದೆ ಕೂತು ದಿನದ ಉಪಕಾರಗಳನ್ನು ನೆನೆಯುವುದು ನನ್ನ ಅಭ್ಯಾಸ. ಹೊಲ ಉಳಿಯಿತು. ಹುಣಸೆ ಮರ ನೆರಳು ಕೊಡುತ್ತಿದೆ. ನನ್ನ ಗಂಡನ ಹೆಸರು ನನ್ನ ಗಂಡನಿಗೇ ಉಳಿಯಿತು. ಆ ಒಂದು ದಿನ ಜೀಪು ತಿಪ್ಪಕ್ಕನ ಗಂಡನಿಗಾಗಿ ಓಡಿತು, ಅದನ್ನೂ ಸೇರಿಸುತ್ತೇನೆ. ತಿಪ್ಪಕ್ಕನಿಗೆ ಅವರ ಮೇಲೆ ಕೊನೆಯವರೆಗೂ ಕೋಪ ಬರಲಿಲ್ಲವಲ್ಲ, ಅದೊಂದನ್ನು ಮಾತ್ರ ಉಪಕಾರ ಎನ್ನಲು ನನಗಿನ್ನೂ ಬಾಯಿ ಬಂದಿಲ್ಲ. ಅವಳ ಪಾಲಿನ ಕೋಪವನ್ನೂ ನಾನೇ ಹೊತ್ತುಕೊಂಡಿದ್ದೇನೆ.

ಸಭೆಯ ಕೊನೆಯಲ್ಲಿ ಅವರ ಹೆಸರಿನಲ್ಲಿ ಒಂದು ಕಾಯಿ ಒಡೆದು ಚೂರು ಹಂಚಿದರು. ತಿಪ್ಪಕ್ಕ ತನ್ನ ಚೂರನ್ನು ನನ್ನ ಅಂಗೈಯಲ್ಲಿಟ್ಟು, "ನಂಗೆ ಹಲ್ಲೆಲ್ಲೈತೆ? ನೀನೇ ತಿನ್ನು" ಎಂದಳು. ಪ್ರಸಾದ, ಎಸೆಯುವ ಹಾಗಿಲ್ಲ. ಅವರ ಹೆಸರಿನದು, ನನಗೆ ಗಂಟಲಲ್ಲಿಳಿಯುವುದಿಲ್ಲ. ಮನೆಗೆ ತಂದು, ನನ್ನ ಪಾಲಿನ ಚೂರನ್ನೂ ಅದಕ್ಕೆ ಸೇರಿಸಿ, ಒರಳಿಗೆ ಹಾಕಿ ಬೆಣ್ಣೆಯ ಹಾಗೆ ನುಣ್ಣಗೆ ರುಬ್ಬಿ ಚಟ್ನಿ ಮಾಡಿದೆ. ಬಟ್ಟಲು ಹಿಡಿದುಕೊಂಡು ತಿಪ್ಪಕ್ಕನ ಮನೆಗೆ ಹೋದೆ. ಮೆತ್ತಗಿನ ಮುದ್ದೆ ಜೊತೆ ಅವಳು ಪೂರಾ ತಿನ್ನುವವರೆಗೂ ಎದುರಿಗೇ ಕುಳಿತಿದ್ದೆ.

"ಉಪ್ಪು ಒಂದೀಟು ಕಮ್ಮಿ ಆತು ಕಣೇ" ಎಂದಳು, ಬೆರಳು ನೆಕ್ಕುತ್ತಾ.